ಮೂರನೇ ಸಾಲಿನ ಚಹಾ

"ಈ ಸ್ಲೈಡ್ ಯಾರು ಕತ್ತರಿಸಿದ್ದು?" ಡಾಕ್ಟರ್ ಹಿಲ್ಮಿ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ ಕೇಳಿದರು.

ಗಮಾಲಾತ್ ಉತ್ತರ ಕೊಡಲು ಬಾಯಿ ತೆರೆದಿದ್ದಳು. ಆ ವಿಭಾಗದಲ್ಲಿ ಇಪ್ಪತ್ತಾರು ವರ್ಷಗಳಿಂದ ಆ ಪ್ರಶ್ನೆಗೆ ಇದ್ದದ್ದು ಒಂದೇ ಉತ್ತರ. ಅಷ್ಟರಲ್ಲಿ ಪಕ್ಕದಿಂದ ಇನ್ನೊಂದು ದನಿ ಬಂತು.

"ನಾನು ಸರ್."

ರಾವಿಯಾ ಬಿಳಿ ಕೋಟಿನ ಜೇಬಿನಲ್ಲಿ ಕೈ ಇಟ್ಟುಕೊಂಡು, ಬೈಸಿಕೊಳ್ಳುವವಳ ಹಾಗೆ ತಲೆ ತಗ್ಗಿಸಿ ನಿಂತಿದ್ದಳು. ಹಿಲ್ಮಿ ಕನ್ನಡಕ ಏರಿಸಿಕೊಂಡು ಇಬ್ಬರನ್ನೂ ನೋಡಿದರು.

"ಮದಾಮ್ ಗಮಾಲಾತ್ ಕೈಯದೇ ಅಂದ್ಕೊಂಡೆ. ಒಂದು ಗೀರಿಲ್ಲ, ಒಂದು ಸುಕ್ಕಿಲ್ಲ. ನೋಡಿ ಮದಾಮ್, ಕೊನೆಗೂ ನಿಮಗೊಬ್ಬಳು ವಾರಸುದಾರಳು ಸಿಕ್ಕಿದ್ಲು."

"ವಾರಸುದಾರರು ಬರೋದು ಸತ್ತ ಮೇಲೆ ಅಲ್ವಾ ಡಾಕ್ಟರ್? ನಾನಿನ್ನೂ ನಿಂತೇ ಇದ್ದೀನಲ್ಲ," ಎಂದಳು ಗಮಾಲಾತ್.

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ನಕ್ಕು ತನ್ನ ಕೋಣೆಗೆ ಬಂದು, ಬಾಗಿಲು ಮುಂದೆ ಮಾಡಿ, ಕತ್ತರಿಸುವ ಯಂತ್ರದ ಅಲಗನ್ನು ಬಟ್ಟೆಯಿಂದ ಬಿಚ್ಚಿ, ಬೇಕಿಲ್ಲದಿದ್ದರೂ ಸಾಣೆ ಕಲ್ಲಿನ ಮೇಲೆ ಎಳೆಯತೊಡಗಿದಳು.

ಕಾಲುವೆಯ ಕಡೆಗೆ ಕಿಟಕಿ ಇದ್ದ ಆ ಕೋಣೆ ಅವಳದೇ ರಾಜ್ಯ. ಪಶುವೈದ್ಯ ಕಾಲೇಜಿನಲ್ಲಿ ಯಾರು ಏನೇ ಸಂಶೋಧನೆ ಮಾಡಲಿ, ಪ್ರಾಣಿಯ ಮೂತ್ರಪಿಂಡವೋ ಯಕೃತ್ತೋ ಕೊನೆಗೆ ಗಮಾಲಾತಳ ಮೇಜಿಗೇ ಬರಬೇಕು. ಅದನ್ನು ಮೇಣದಲ್ಲಿ ಅಚ್ಚು ಹಾಕಿ, ಅಚ್ಚನ್ನು ಯಂತ್ರಕ್ಕೆ ಕಚ್ಚಿಸಿ, ಉಸಿರು ತಾಕಿದರೆ ಹಾರಿಹೋಗುವಷ್ಟು ತೆಳ್ಳಗೆ ಕತ್ತರಿಸಿ, ಬಿಸಿನೀರಿನ ಮೇಲೆ ತೇಲಿಬಿಟ್ಟು, ಗಾಜಿನ ಮೇಲೆತ್ತಿ ಬಣ್ಣ ಕಟ್ಟುವವಳು ಅವಳು. ಗೋಡೆಯ ಕಪಾಟಿನಲ್ಲಿ ಮೂವತ್ತೊಂದು ಪ್ರಬಂಧಗಳು ಹಸಿರು ರಟ್ಟಿನಲ್ಲಿ ನಿಂತಿದ್ದವು. ಪ್ರತಿಯೊಂದರ ಕೃತಜ್ಞತೆಯ ಪುಟದ ಕೊನೆಯ ಸಾಲಿನಲ್ಲಿ, ಟೈಪು ಮಾಡಿಕೊಟ್ಟವರಿಗಿಂತ ಸ್ವಲ್ಪ ಮೇಲೆ, "ಮದಾಮ್ ಗಮಾಲಾತ್ ಅವರಿಗೂ" ಎಂದಿತ್ತು.

ಅವಳೂ ವಿಜ್ಞಾನದ ಪದವಿ ಪಡೆದವಳೇ. ಕೆಲಸಕ್ಕೆ ಸೇರಿದ ಮೂರನೇ ವರ್ಷ ಸ್ನಾತಕೋತ್ತರಕ್ಕೆ ಹೆಸರು ಹಚ್ಚಲು ಅರ್ಜಿ ಹಿಡಿದು ಹೋದಾಗ ಆಗಿನ್ನೂ ತಲೆಗೂದಲು ಕಪ್ಪಗಿದ್ದ ಹಿಲ್ಮಿ, "ನೀವು ಓದೋಕೆ ಕೂತ್ರೆ ಕತ್ತರಿಸೋರು ಯಾರು? ಬರೋ ವರ್ಷ ನೋಡೋಣ," ಅಂದಿದ್ದರು. ಆಮೇಲೆ ಬರೋ ವರ್ಷ ಎನ್ನುವುದು ಪ್ರತಿ ವರ್ಷವೂ ಬಂತು. ಎರಡು ಹೆರಿಗೆ ಆಯಿತು, ಅತ್ತೆ ಹಾಸಿಗೆ ಹಿಡಿದರು, ಅರ್ಜಿಯ ಕಾಗದ ಯಾವುದೋ ಡ್ರಾಯರಿನ ತಳಕ್ಕೆ ಹಾಸಾಗಿ ಹೋಯಿತು. ಅದರ ಬಗ್ಗೆ ಅವಳು ಯಾರ ಮೇಲೂ ಸಿಟ್ಟಾದವಳಲ್ಲ. ಪ್ರಬಂಧ ಬರೆದವರು ಬರೆದುಕೊಂಡು ಹೋಗಲಿ, ಅವರಲ್ಲಿ ಒಬ್ಬರಿಗೂ ಅವಳಂತೆ ಕತ್ತರಿಸಲು ಬರುತ್ತಿರಲಿಲ್ಲ. ಅದೊಂದು ಸಮಾಧಾನ ಸಾಕಾಗಿತ್ತು.

ರಾವಿಯಾಗೆ ಬರುತ್ತಿತ್ತು.

ಇಪ್ಪತ್ತೆಂಟು ವರ್ಷದ ಹುಡುಗಿ. ಪಾಠ ಮಾಡುವ ಕೆಲಸ ಸಿಕ್ಕಿ ಐದು ವರ್ಷದೊಳಗೆ ಪ್ರಬಂಧ ಮುಗಿಸದಿದ್ದರೆ ಅವಳನ್ನು ತೆಗೆದು ಯಾವುದೋ ಕಡತದ ಕೋಣೆಗೆ ಹಾಕುತ್ತಾರೆ. ಆ ಐದು ವರ್ಷ ಮೇ ಕೊನೆಗೆ ಮುಗಿಯುತ್ತಿತ್ತು. ಈಗ ಮಾರ್ಚ್. ಅವಳ ವಿಷಯ ಹಸಿರು ಚಹಾ. ಕೀಲುನೋವಿಗೆ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಔಷಧಿ ನೋವು ಇಳಿಸಿದರೂ ಒಳಗೊಳಗೇ ಯಕೃತ್ತನ್ನು ಕೆಡಿಸಬಲ್ಲದು. ಹಸಿರು ಚಹಾ ಕುಡಿದರೆ ಆ ಕೇಡು ತಡೆಯುತ್ತದೆಯೇ? ಪ್ರಾಣಿಗಳ ಕೋಣೆಯಲ್ಲಿ ಬಿಳಿ ಇಲಿಗಳ ಮೂರು ಸಾಲು ಪಂಜರಗಳಿದ್ದವು. ಮೊದಲ ಸಾಲಿಗೆ ಔಷಧಿಯೇ ಇಲ್ಲ. ಎರಡನೇ ಸಾಲಿಗೆ ಔಷಧಿ ಮತ್ತು ಬರೀ ನೀರು. ಮೂರನೇ ಸಾಲಿಗೆ ಔಷಧಿ, ಕುಡಿಯಲು ನೀರಿನ ಬದಲು ಹಸಿರು ಚಹಾ. ಅರ್ಧ ಇಲಿಗಳ ಕೆಲಸ ತಿಂಗಳಿಗೆ ಮುಗಿದು ಅವುಗಳ ಯಕೃತ್ತು ಸ್ಲೈಡಿಗೆ ಬಂದಿತ್ತು. ಉಳಿದರ್ಧವನ್ನು ಇನ್ನೊಂದು ತಿಂಗಳು ಹಾಗೆಯೇ ಇಟ್ಟಿದ್ದರು. ಮಂಗಳವಾರ ಹನ್ನೊಂದು ಗಂಟೆಗೆ ಇಡೀ ವಿಭಾಗದ ಮುಂದೆ ರಾವಿಯಾ ತನ್ನ ಫಲಿತಾಂಶ ಹೇಳಬೇಕಿತ್ತು.

ಮೊದಲು ಸ್ಲೈಡೆಲ್ಲ ಗಮಾಲಾತಳೇ ಕತ್ತರಿಸುವುದೆಂದಿತ್ತು. "ಕಲಿಸಿಕೊಡಿ ಮದಾಮ್, ನಿಮಗೂ ಭಾರ ಕಮ್ಮಿ ಆಗ್ಲಿ," ಎಂದು ಹುಡುಗಿ ಪಕ್ಕದಲ್ಲಿ ಬಂದು ನಿಂತಳು. ಕಲಿಸಿದರೂ ಬರುವುದಿಲ್ಲ ಎಂಬ ಧೈರ್ಯದಲ್ಲಿ ಗಮಾಲಾತ್ ಕಲಿಸಿದಳು. ಮೂರು ವಾರದಲ್ಲಿ ಬಂದುಬಿಟ್ಟಿತು.

ಕಾಲೇಜಿನಲ್ಲಿ ಮಾತ್ರ ಆಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಹೋದ ಚಳಿಗಾಲದಲ್ಲಿ ಗಮಾಲಾತಳಿಗೆ ಜ್ವರ ಬಂದಾಗ ರಾವಿಯಾ ನೋಡಲು ಮನೆಗೂ ಬಂದಿದ್ದಳು, ಒಂದು ಕೈಯಲ್ಲಿ ಕಿತ್ತಳೆ, ಇನ್ನೊಂದರಲ್ಲಿ ಹಸಿರು ಚಹಾದ ಡಬ್ಬಿ. ಗಮಾಲಾತಳ ಗಂಡ ಶುಕ್ರಿ ರೈಲ್ವೆಯಲ್ಲಿ ಸಿಗ್ನಲ್ ಎಳೆದೆಳೆದೇ ನಿವೃತ್ತನಾದವನು. ಈಗ ಬೆರಳ ಗಂಟುಗಳೆಲ್ಲ ಊದಿ ಅಂಗಿಯ ಗುಂಡಿ ಹಾಕಿಕೊಳ್ಳಲೂ ಒದ್ದಾಡುತ್ತಿದ್ದ. ಅವನು ವಾರಕ್ಕೊಮ್ಮೆ ನುಂಗುತ್ತಿದ್ದುದೂ ಅದೇ ಮೆಥೊಟ್ರೆಕ್ಸೇಟ್, ಸಣ್ಣ ಹಳದಿ ಮಾತ್ರೆ.

"ನಮ್ಮ ಇಲಿಗಳಿಗೂ ಇದನ್ನೇ ಕೊಡ್ತಿರೋದು ಶುಕ್ರಿ ಅಂಕಲ್," ಎಂದು ರಾವಿಯಾ ನಕ್ಕಿದ್ದಳು.

"ಹಾಗಾದ್ರೆ ನಾನೂ ನಿನ್ನ ಇಲೀನೇ. ಇಲಿಗೆ ಕೊಡೋದು ನನಗೂ ಕೊಡು ಮಗಳೇ."

"ಒಂದು ಲೋಟ ಕುಡಿದ್ರೆ ಕೆಟ್ಟದ್ದೇನಿಲ್ಲ. ಆದ್ರೆ ತಿಂಗಳು ತಿಂಗಳು ರಕ್ತ ಪರೀಕ್ಷೆ ಬಿಡಬೇಡಿ. ಇಲಿ ಲಿವರ್ ಬೇರೆ, ನಿಮ್ಮ ಲಿವರ್ ಬೇರೆ."

ಶುಕ್ರಿ ಆ ಮಾತಿನ ಮೊದಲರ್ಧ ಮಾತ್ರ ಕೇಳಿಸಿಕೊಂಡ. ಮೂವತ್ತು ವರ್ಷ ಗಮಾಲಾತ್ ಮಾಡಿಕೊಟ್ಟ ಚಹಾವನ್ನು, ಕಪ್ಪಗೆ ಗಟ್ಟಿಯಾಗಿ ನಾಲ್ಕು ಚಮಚ ಸಕ್ಕರೆ ಹಾಕಿದ ಚಹಾವನ್ನು, ಲೋಟ ತಿರುಗಿಸಿ ತಿರುಗಿಸಿ ಕುಡಿದವನು ಈಗ ಆ ಹುಲ್ಲಿನ ನೀರನ್ನು ಸಕ್ಕರೆಯಿಲ್ಲದೆ, ಕಹಿಗೆ ಮುಖ ಹಿಂಡುತ್ತ ಕುಡಿಯತೊಡಗಿದ. ಬಂದವರಿಗೆಲ್ಲ "ಡಾಕ್ಟರ್ ರಾವಿಯಾ ಚಹಾ" ಎಂದು ಹೇಳಿಕೊಂಡ.

"ಇನ್ನೂ ಡಾಕ್ಟರ್ ಆಗಿಲ್ಲ ಅವಳು," ಎಂದಳು ಗಮಾಲಾತ್.

"ಆಗ್ತಾಳೆ ಬಿಡು. ಮುಖದಲ್ಲೇ ಬರೆದಿದೆ."

"ನನ್ನ ಮುಖದಲ್ಲಿ ಏನು ಬರೆದಿದೆ?"

"ನಿನ್ನ ಮುಖದಲ್ಲಾ? ರಾತ್ರಿಗೆ ಮೊಲೋಖಿಯಾ ಸೊಪ್ಪು ಮಾಡ್ತೀನಿ ಅಂತ ಬರೆದಿದೆ," ಎಂದು ಶುಕ್ರಿ ಜೋರಾಗಿ ನಕ್ಕ. ಅವನಿಗೆ ತಿಳಿದದ್ದು ಅಷ್ಟೇ. ಆ ರಾತ್ರಿ ಗಮಾಲಾತ್ ಹಳೇ ಅನ್ನವನ್ನೇ ಬಿಸಿ ಮಾಡಿ ಬಡಿಸಿದಳು.

ಅಸೂಯೆ ಪಡುವವರ ಕಣ್ಣು ಚುರುಕಾಗಿರುತ್ತದೆ. ಹಿಲ್ಮಿ ಹೊಗಳಿದ ಆ ಶನಿವಾರ, ಎಲ್ಲರೂ ಊಟಕ್ಕೆ ಹೋದಾಗ, ಗಮಾಲಾತ್ ರಾವಿಯಾಳ ಸ್ಲೈಡುಗಳ ತಟ್ಟೆಯನ್ನು ತನ್ನ ಮೈಕ್ರೋಸ್ಕೋಪಿಗೆ ಎಳೆದುಕೊಂಡಳು. ಗೀರು ಸಿಗಲಿ, ಸುಕ್ಕು ಸಿಗಲಿ, ಬಣ್ಣದಲ್ಲಿ ಒಂದು ಕಲೆಯಾದರೂ ಸಿಗಲಿ ಎಂದು ಹುಡುಕಿದಳು. ಸಿಗಲಿಲ್ಲ. ಆದರೆ ಬೇರೆ ಏನೋ ಸಿಕ್ಕಿತು.

ಎರಡನೇ ಸಾಲಿನ ಇಲಿಗಳ ಯಕೃತ್ತು ಹೇಗಿರಬೇಕೋ ಹಾಗೇ ಕೆಟ್ಟಿತ್ತು. ಮೂರನೇ ಸಾಲಿನದು ಚೆನ್ನಾಗಿತ್ತು, ಅತಿಯಾಗಿ ಚೆನ್ನಾಗಿತ್ತು. ಔಷಧಿಯನ್ನೇ ಕಾಣದ ಮೊದಲ ಸಾಲಿಗಿಂತಲೂ ಅದರ ಜೀವಕೋಶಗಳು ಉಬ್ಬಿ, ಒಳಗೆ ಬೆಳ್ಳಗೆ ಜಾಲರಿ ಕಟ್ಟಿಕೊಂಡಿದ್ದವು. ಇಂಥದ್ದನ್ನು ಅವಳು ಎಷ್ಟೋ ಸಲ ನೋಡಿದ್ದಳು. ಇದು ಚಹಾ ಕುಡಿದವರದಲ್ಲ, ಚೆನ್ನಾಗಿ ಉಂಡವರ ಯಕೃತ್ತು. ತೂಕದ ಪುಸ್ತಕ ತೆಗೆದು ನೋಡಿದಳು. ಔಷಧಿ ಬಿದ್ದ ಇಲಿಗಳು ಮೇವು ಬಿಟ್ಟು ಸೊರಗುತ್ತವೆ. ಎರಡನೇ ಸಾಲು ಸೊರಗಿತ್ತು. ಮೂರನೇ ಸಾಲು ಒಂದು ಗ್ರಾಂ ಕೂಡ ಇಳಿದಿರಲಿಲ್ಲ.

ಅವಳು ಎದ್ದು, ಅಂಗಳ ದಾಟಿ, ಪ್ರಾಣಿಗಳ ಕೋಣೆಗೆ ಹೋದಳು. ಬಾಗಿಲಲ್ಲೇ ನಿಂತಳು. ಕಿಟಕಿಯ ಸಂದಿನಿಂದ ಇರುವೆಗಳ ಸಾಲೊಂದು ಗೋಡೆಗುಂಟ ಇಳಿದು, ಮೊದಲ ಸಾಲನ್ನು ದಾಟಿ, ಎರಡನೆಯದನ್ನು ದಾಟಿ, ಮೂರನೇ ಸಾಲಿನ ಬಾಟಲಿಗಳ ಕುತ್ತಿಗೆಯನ್ನು ಸುತ್ತಿಕೊಂಡಿತ್ತು.

ಕಹಿ ಚಹಾಕ್ಕೆ ಇರುವೆ ಬರುವುದಿಲ್ಲ.

ಬಾಟಲಿಯ ತುದಿಯಿಂದ ಒಂದು ಹನಿ ಬೆರಳಿಗೆ ತೆಗೆದು ನಾಲಗೆಗೆ ಇಟ್ಟಳು. ಹಬ್ಬದ ಮನೆಯ ಚಹಾದಷ್ಟು ಸಿಹಿ.

"ಬಸಯೂನಿ ಚಿಕ್ಕಪ್ಪ!"

ಬಸಯೂನಿ ಒಳಗೆ ಹುಲ್ಲಿನ ಮೂಟೆಯ ಹಿಂದೆ ಕೂತು ಬೇಯಿಸಿದ ಅವರೆಯ ಫೂಲ್ ತಿನ್ನುತ್ತಿದ್ದ. ಮೂವತ್ತೇಳು ವರ್ಷದಿಂದ ಆ ಪ್ರಾಣಿಗಳನ್ನು ನೋಡಿಕೊಂಡವನು. ಮೊಲ ಸತ್ತರೂ ದುವಾ ಹೇಳುವ ಮನುಷ್ಯ. ಬಾಯೊರೆಸಿಕೊಂಡು ಎದ್ದು ಬಂದ.

"ಈ ಚಹಾಕ್ಕೆ ಸಕ್ಕರೆ ಹಾಕಿದ್ದು ಯಾರು?"

"ಮತ್ತೆ ಯಾರು ಹಾಕ್ತಾರೆ ಮದಾಮ್? ನಾನೇ," ಎಂದ, ಹೊಗಳಿಕೆಗೆ ಕಾದವನಂತೆ. "ಮೊದಲ ಎರಡು ದಿವಸ ಪಾಪ, ಬಾಯೇ ಹಚ್ಚಲಿಲ್ಲ. ಬಾಟ್ಲಿ ತುಂಬಿದ್ದು ತುಂಬಿದ ಹಾಗೇ ಇತ್ತು. ಡಾಕ್ಟರ್ ರಾವಿಯಾ ಅಳೋದೊಂದು ಬಾಕಿ. ನಾನು ಕುಡಿದು ನೋಡಿದೆ. ದೇವರಾಣೆ, ಅದು ಚಹಾನಾ? ಬೇವಿನ ಕಷಾಯ. ಬಾಟ್ಲಿಗೆ ಎರಡೇ ಎರಡು ಚಮಚ ಹಾಕಿದೆ. ಈಗ ನೋಡಿ, ಬೆಳಿಗ್ಗೆ ನನ್ನ ಹೆಜ್ಜೆ ಸದ್ದು ಕೇಳಿದ್ರೆ ಸಾಕು, ಎದ್ದು ನಿಲ್ತಾವೆ."

"ಅವಳಿಗೆ ಹೇಳಿದ್ರಾ?"

"ಏನು ಹೇಳೋದು? ಚಹಾಕ್ಕೆ ಸಕ್ಕರೆ ಹಾಕಿದೆ ಅಂತ ಹೇಳ್ಬೇಕಾ? ನಮ್ಮನೇಲಿ ಯಾರಾದ್ರೂ ಬರೀ ಚಹಾ ಕೊಡ್ತಾರಾ ಮದಾಮ್? ಮನೆಗೆ ಬಂದ ಪೊಲೀಸಿಗೂ ಹಾಗೆ ಕೊಡೋದಿಲ್ಲ."

ಎರಡು ತಿಂಗಳ ಕೆಲಸ ಹಾಳಾಗಿತ್ತು. ಇಲಿಗಳನ್ನು ಕಾಪಾಡಿದ್ದು ಚಹಾವೋ, ಮೇವು ಬಿಟ್ಟ ಹೊಟ್ಟೆಗೆ ಬಿದ್ದ ಸಕ್ಕರೆಯೋ, ಈಗ ಯಾರು ಹೇಳುತ್ತಾರೆ? ಗಮಾಲಾತ್ ಬಸಯೂನಿಗೆ ಬೆನ್ನು ಮಾಡಿದಳು. ಕೋಟಿನ ಜೇಬಿನಿಂದ ಒಂದು ಪುಟ್ಟ ಔಷಧಿ ಶೀಶೆ ತೆಗೆದು, ಆ ಚಹಾವನ್ನು ಅದಕ್ಕೆ ತುಂಬಿಸಿ, ಬಿರಡೆ ಹಾಕಿ, ಚೀಲದಲ್ಲಿ ಇಟ್ಟುಕೊಂಡಳು.

ಅಂಗಳ ದಾಟಿ ಬರುವಾಗ ರಾವಿಯಾ ಎದುರಾದಳು.

"ಮದಾಮ್, ಊಟ ಆಯ್ತಾ? ನಿಮಗೂ ಒಂದು ತಅಮಿಯಾ ವಡೆ ಇಟ್ಟಿದ್ದೀನಿ, ಬಿಸಿ ಇದೆ."

"ಹೊಟ್ಟೆ ತುಂಬಿದೆ," ಎಂದಳು ಗಮಾಲಾತ್. ನಿಜವಾಗಿಯೂ ತುಂಬಿತ್ತು.

ಮಂಗಳವಾರ ಹನ್ನೊಂದು ಗಂಟೆಯ ಸಭೆಯನ್ನು ಅವಳು ಮನಸ್ಸಿನಲ್ಲೇ ಹಲವು ಸಲ ನಡೆಸಿದಳು. ಬಸ್ಸಿನಲ್ಲಿ ಕೂತು ನಡೆಸಿದಳು, ಈರುಳ್ಳಿ ಹೆಚ್ಚುತ್ತ ನಡೆಸಿದಳು. ಹುಡುಗಿ ಮಾತು ಮುಗಿಸುತ್ತಾಳೆ. ಹಿಲ್ಮಿ ಚಪ್ಪಾಳೆ ತಟ್ಟಲು ಕೈ ಎತ್ತುತ್ತಾರೆ. ಆಗ ಹಿಂದಿನ ಕುರ್ಚಿಯಿಂದ ಗಮಾಲಾತ್ ಏಳುತ್ತಾಳೆ. ನಿಧಾನವಾಗಿ, ಬಹಳ ವಿನಯದಿಂದ. "ಒಂದು ಸಣ್ಣ ಅನುಮಾನ, ಡಾಕ್ಟರ್." ಶೀಶೆಯನ್ನು ಮೇಜಿನ ಮೇಲೆ ಇಡುತ್ತಾಳೆ. ಹೇಳುವುದೆಲ್ಲ ನಿಜವೇ ಆಗಿರುತ್ತದೆ. ಯಾರೂ ಅವಳನ್ನು ಹೊಟ್ಟೆಕಿಚ್ಚಿನವಳು ಎನ್ನುವಂತಿಲ್ಲ. ನಿಜ ಹೇಳಿದವರನ್ನು ಹಾಗೆ ಅನ್ನಲು ಬರುವುದಿಲ್ಲವಲ್ಲ.

ಭಾನುವಾರ ಸಂಜೆ ಅವಳು ಒಲೆಯ ಮುಂದಿದ್ದಾಗ ಶುಕ್ರಿ ತನ್ನ ಹಸಿರು ಚಹಾದ ಲೋಟ ಹಿಡಿದು ಬಂದು ಬಾಗಿಲಿಗೆ ಒರಗಿದ.

"ಈ ತಿಂಗಳ ರಕ್ತ ಪರೀಕ್ಷೆ ಯಾವಾಗ?" ಎಂದು ಅವಳು ಬೆನ್ನು ತಿರುಗಿಸದೆ ಕೇಳಿದಳು.

"ಯಾವ ಪರೀಕ್ಷೆ?"

"ಲಿವರಿಂದು."

"ಓ, ಅದಾ. ಅದನ್ನ ಬಿಟ್ಟು ಎರಡು ತಿಂಗಳಾಯ್ತು." ಲೋಟ ಮೇಲೆತ್ತಿ ಬೆಳಕಿಗೆ ಹಿಡಿದ. "ಕಾವಲುಗಾರ ಇಲ್ಲಿದ್ದಾನಲ್ಲ. ಇನ್ನು ಸೂಜಿ ಯಾಕೆ ಚುಚ್ಚಿಸ್ಕೊಳ್ಳಿ?"

ಸೌಟು ಕೈಯಲ್ಲೇ ನಿಂತಿತು. "ಯಾರು ಹೇಳಿದ್ರು ಬಿಡು ಅಂತ?"

"ಯಾರೂ ಹೇಳ್ಲಿಲ್ಲ. ನೀನೇ ಆವಾಗ ಹೇಳಿದ್ಯಲ್ಲ, ಆ ಮೂರನೇ ಸಾಲಿನ ಇಲಿಗಳು ಕುಸ್ತಿ ಪೈಲ್ವಾನರ ಹಾಗಿವೆ ಅಂತ."

ಹೌದು, ಅವಳೇ ಹೇಳಿದ್ದಳು. ಅಸೂಯೆಯಿಂದ, ಹಲ್ಲು ಕಚ್ಚಿಕೊಂಡು ಹೇಳಿದ್ದಳು. ಅವನು ಅದನ್ನು ಸಮಾಧಾನದ ಮಾತಾಗಿ ಕೇಳಿಸಿಕೊಂಡಿದ್ದ. ಅವಳು ಒಲೆ ಆರಿಸಿದಳು.

"ಶುಕ್ರಿ, ನಾಳೆ ಬೆಳಿಗ್ಗೆ ಏನೂ ತಿನ್ನಬೇಡ. ಏಳು ಗಂಟೆಗೆ ನನ್ನ ಜೊತೆ ಬರ್ತೀಯ."

"ಏನಾಯ್ತೇ ನಿನಗೆ? ಇಲಿಗಳು..."

"ಇಲಿಗಳ ಮಾತು ನನಗೆ ಗೊತ್ತು. ನೀನು ಬಾ ಅಷ್ಟೇ."

ಸೋಮವಾರ ಮಧ್ಯಾಹ್ನ ಪರೀಕ್ಷೆಯ ಚೀಟಿ ಬಂತು. ಒಂದು ಅಂಕಿ ಇರಬೇಕಾದ್ದಕ್ಕಿಂತ ಮೇಲಿತ್ತು. ಹೆದರುವಷ್ಟೇನಲ್ಲ ಎಂದರು ಡಾಕ್ಟರು. ಎರಡು ವಾರ ಮಾತ್ರೆ ನಿಲ್ಲಿಸಿ ಮತ್ತೆ ನೋಡೋಣ, ಆದರೆ ಇನ್ನೂ ಎರಡು ತಿಂಗಳು ಹೀಗೇ ಬಿಟ್ಟಿದ್ದರೆ ಬೇರೆ ಮಾತಾಡಬೇಕಾಗುತ್ತಿತ್ತು ಎಂದು ಶುಕ್ರಿಗೆ ಚೆನ್ನಾಗಿ ಬೈದರು. ವಾಪಸು ಬರುವಾಗ ಬಸ್ಸಿನಲ್ಲಿ ಶುಕ್ರಿ ಶಾಲೆಯಲ್ಲಿ ಏಟು ತಿಂದವನಂತೆ ತಲೆ ತಗ್ಗಿಸಿ ಕೂತಿದ್ದ. ಗಮಾಲಾತ್ ಚೀಟಿಯನ್ನು ಮಡಚಿ ಚೀಲದಲ್ಲಿ ಶೀಶೆಯ ಪಕ್ಕ ಇಟ್ಟಳು. ಈಗ ಮಂಗಳವಾರದ ಸಭೆಗೆ ಒಂದಕ್ಕೆ ಎರಡು ಸಾಕ್ಷಿ ಸಿಕ್ಕಿದಂತಾಯಿತು ಎಂದು ಒಂದು ಕ್ಷಣ ಅನ್ನಿಸಿತು. ಹಾಗೆ ಅನ್ನಿಸಿದ್ದು ಗಂಡನ ಯಕೃತ್ತಿನ ಚೀಟಿ ಕೈಯಲ್ಲಿ ಹಿಡಿದಾಗ ಎಂಬುದೂ ಅವಳಿಗೆ ತಿಳಿಯಿತು. ಚೀಲದ ಜಿಪ್ಪು ಎಳೆದು ಕಿಟಕಿಯ ಹೊರಗೆ ನೋಡುತ್ತ ಕೂತಳು.

ಮಂಗಳವಾರ ಬೆಳಿಗ್ಗೆಯಿಂದಲೇ ಧೂಳುಗಾಳಿ. ಕಿಟಕಿ ಮುಚ್ಚಿದ್ದರೂ ಮೇಜಿನ ಮೇಲೆ ಹಳದಿ ಪುಡಿ ಕೂರುತ್ತಿತ್ತು. ಒಂಬತ್ತು ಗಂಟೆಗೆ ಗಮಾಲಾತ್ ಯಂತ್ರಕ್ಕೆ ಬಟ್ಟೆ ಹೊದಿಸುತ್ತಿದ್ದಾಗ ರಾವಿಯಾ ಒಳಗೆ ಬಂದು ಬಾಗಿಲು ಹಾಕಿದಳು. ಕಣ್ಣು ಕೆಂಪಾಗಿತ್ತು. ಧೂಳಿನಿಂದ ಅಲ್ಲ. ಕೈಯಲ್ಲಿ ಸ್ಲೈಡಿನ ತಟ್ಟೆ.

"ಮದಾಮ್, ಇದನ್ನ ನಿಮಗೊಬ್ಬರಿಗೇ ತೋರಿಸ್ತೀನಿ. ಬೇರೆ ಯಾರಿಗೂ ತೋರಿಸೋಕೆ ಧೈರ್ಯ ಇಲ್ಲ."

"ಏನು?"

"ಮೂರನೇ ಸಾಲು. ತುಂಬಾ ಚೆನ್ನಾಗಿದೆ." ತಟ್ಟೆಯನ್ನು ಮೇಜಿನ ಮೇಲಿಟ್ಟಳು. "ಔಷಧಿ ಕೊಡದೇ ಇರೋ ಇಲಿಗಿಂತ ಚೆನ್ನಾಗಿದೆ. ಚಹಾ ಕಾಪಾಡಬಹುದು, ಒಪ್ತೀನಿ. ಆದ್ರೆ ಇಷ್ಟು ಮೈ ತುಂಬಿಸುತ್ತಾ? ಡಾಕ್ಟರ್ ಹಿಲ್ಮಿಗೆ ಹೇಳಿದ್ರೆ 'ಒಳ್ಳೇ ಫಲಿತಾಂಶ ಬಂದ್ರೆ ಅಳ್ತೀಯಲ್ಲ' ಅಂತ ನಗ್ತಾರೆ. ಎಲ್ಲೋ ಏನೋ ತಪ್ಪಿದೆ ಮದಾಮ್. ಎಲ್ಲಿ ಅಂತ ಗೊತ್ತಾಗ್ತಿಲ್ಲ. ಇನ್ನೆರಡು ಗಂಟೆ ಇದೆ."

ಗಮಾಲಾತ್ ಆ ಮುಖವನ್ನು ನೋಡಿದಳು. ಕೈ ಬಂದದ್ದು ಸಾಲದು ಅಂತ ಕಣ್ಣೂ ಬಂದಿದೆ ಎಂದುಕೊಂಡಳು. ತನಗೆ ಆ ಕಣ್ಣು ಬರಲು ಹದಿನೈದು ವರ್ಷ ಹಿಡಿದಿತ್ತು. ಒಳಗೆ ಏನೋ ಚುಚ್ಚಿತು, ಶನಿವಾರಕ್ಕಿಂತ ಆಳವಾಗಿ. ಈ ಹುಡುಗಿಗೆ ಇದು ಕಾಣಿಸದೇ ಇರಲಿ ಎಂದು ಮೂರು ದಿನದಿಂದ ಬೇಡಿಕೊಂಡಿದ್ದೆ ಎಂದು ಆ ಚುಚ್ಚಿದ ಜಾಗಕ್ಕೆ ಗೊತ್ತಿತ್ತು.

ಅವಳು ಚೀಲ ತೆರೆದು ಶೀಶೆ ತೆಗೆದು ಮುಂದೆ ಹಿಡಿದಳು.

"ಕುಡಿ."

"ಏನಿದು?"

"ನಿನ್ನ ಚಹಾ. ಮೂರನೇ ಸಾಲಿನದು."

ರಾವಿಯಾ ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ಹಳಸಿದ್ದರೂ ಸಿಹಿ ಇನ್ನೂ ಇತ್ತು. ಅವಳ ಮುಖ ಮೊದಲು ಅಚ್ಚರಿಯಿಂದ ಅರಳಿ, ಆಮೇಲೆ ನಿಧಾನವಾಗಿ ಬಿಳಿಚಿಕೊಂಡಿತು. ಸ್ಟೂಲು ಎಳೆದು ಕೂತಳು.

"ಬಸಯೂನಿ ಚಿಕ್ಕಪ್ಪ," ಎಂದಳು.

"ಕುಡೀತಿರಲಿಲ್ಲವಂತೆ. ನೀನು ಅಳ್ತಿದ್ದೆಯಂತೆ."

"ಕುಡಿಯೋಕೆ ಶುರು ಮಾಡಿದವು ಅಂತ ಅವತ್ತು ನಾನು ಅವರಿಗೆ ತುಪ್ಪದ ಫಿತೀರ್ ರೊಟ್ಟಿ ತಂದು ಕೊಟ್ಟಿದ್ದೆ." ನಗು ಬಂದಂತಾಯಿತು, ಬರಲಿಲ್ಲ. ಶೀಶೆಯನ್ನು ತಿರುಗಿಸಿ ನೋಡಿದಳು. ಚಹಾದ ಮೇಲೆ ತೆಳುವಾಗಿ ಬೂಸ್ಟು ಕಟ್ಟಿತ್ತು. "ಇದು ಇವತ್ತಿನದಲ್ಲ."

"ಅಲ್ಲ."

"ಯಾವತ್ತಿನದು ಮದಾಮ್?"

"ಶನಿವಾರದ್ದು."

ಹೊರಗೆ ಗಾಳಿ ಕಿಟಕಿಯ ಚೌಕಟ್ಟನ್ನು ಅಲ್ಲಾಡಿಸಿತು. ರಾವಿಯಾ ಬೆರಳ ಮೇಲೆ ಎಣಿಸುವವಳಂತೆ ಕೈ ನೋಡಿಕೊಂಡಳು.

"ನಿನ್ನ ಕಣ್ಣಿಗೆ ಬೀಳುತ್ತೋ ಇಲ್ಲವೋ ಅಂತ ಕಾದೆ," ಎಂದಳು ಗಮಾಲಾತ್. ಆ ಮಾತು ಆಡಿದ ಕೂಡಲೇ ಎಷ್ಟು ತೆಳುವಾಗಿದೆ ಎಂದು ಅವಳಿಗೇ ಕೇಳಿಸಿತು.

"ಬೀಳದೇ ಇದ್ದಿದ್ರೆ?"

ಗಮಾಲಾತ್ ಯಂತ್ರದ ಮೇಲಿನ ಬಟ್ಟೆಯ ಸುಕ್ಕು ಸರಿಮಾಡಿದಳು. ಇನ್ನೊಂದು ಸುಳ್ಳು ಸಿದ್ಧವಾಗಿತ್ತು, ಆದರೆ ಮೇಲೆ ಬರಲಿಲ್ಲ.

"ಹನ್ನೊಂದು ಗಂಟೆಗೆ ಎಲ್ಲರ ಮುಂದೆ ಹೇಳ್ತಿದ್ದೆ."

ಹುಡುಗಿ ಬೈಯಬಹುದು, ಅಳಬಹುದು ಎಂದು ಕಾದಳು. ಅದಕ್ಕೆ ಉತ್ತರಗಳೂ ಇದ್ದವು. ರಾವಿಯಾ ಕೇಳಿದ್ದು ಬೇರೆಯೇ.

"ಬಸಯೂನಿ ಚಿಕ್ಕಪ್ಪನ ಹೆಸರೂ ಹೇಳ್ತಿದ್ರಾ? ಅವರ ಪಿಂಚಣಿಗೆ ಇನ್ನೊಂದೇ ವರ್ಷ ಇದೆ."

ಮೂರು ದಿನ ಅಷ್ಟು ಸಲ ನಡೆಸಿದ ಸಭೆಯಲ್ಲಿ ಗಮಾಲಾತಳಿಗೆ ಬಸಯೂನಿ ಒಂದು ಸಲವೂ ಕಾಣಿಸಿರಲಿಲ್ಲ. ಅವಳು ಕುರ್ಚಿಯ ಬೆನ್ನು ಹಿಡಿದು ನಿಂತಳು. ಆಮೇಲೆ ಗೋಡೆಯ ಕ್ಯಾಲೆಂಡರನ್ನು ಕಿತ್ತು ಮೇಜಿನ ಮೇಲೆ ಹಾಕಿ, ಕಿವಿಯ ಮೇಲಿದ್ದ ಪೆನ್ಸಿಲು ತೆಗೆದಳು.

"ಎದ್ದು ಇಲ್ಲಿ ಬಾ. ಅಳೋದು ಆಮೇಲೆ. ನಿನಗೆ ಈಗ ಬೇಕಾಗಿರೋದು ಇನ್ನೂ ಎರಡು ಸಾಲು. ಒಂದಕ್ಕೆ ಔಷಧಿ, ಬರೀ ಸಕ್ಕರೆ ನೀರು. ಇನ್ನೊಂದಕ್ಕೆ ಔಷಧಿ, ಸಕ್ಕರೆ ಇಲ್ಲದ ಚಹಾ, ತೆಳ್ಳಗೆ ಮಾಡು, ಕುಡೀತಾವೆ. ಮೂವತ್ತು ದಿನ. ಏಪ್ರಿಲ್ ಕೊನೆಗೆ ಅಂಗಾಂಗ ನನ್ನ ಮೇಜಿಗೆ ಬರುತ್ತೆ. ಹತ್ತು ದಿನದಲ್ಲಿ ಸ್ಲೈಡ್. ಉಳಿದ ದಿನ ನೀನು ಬರಿ."

"ಡಾಕ್ಟರ್ ಹಿಲ್ಮಿ ಒಪ್ಪೋದಿಲ್ಲ ಮದಾಮ್."

"ಅದು ನನ್ನ ಕೆಲಸ."

ಹಿಲ್ಮಿ ಮೊದಲು ನಂಬಲಿಲ್ಲ, ಆಮೇಲೆ ಕೂಗಾಡಿದರು. ಹನ್ನೊಂದು ಗಂಟೆಗೆ ಜನ ಬರುತ್ತಾರೆ, ಡೀನ್ ಬರುತ್ತಾರೆ, ಈಗ ಬಂದು ಸಕ್ಕರೆಯ ಕತೆ ಹೇಳುತ್ತೀರಲ್ಲ ಎಂದರು. "ಹಾಕಿದ್ದು ಯಾರು? ಹೆಸರು ಹೇಳಿ."

"ಯಾರ ಕೈ ಆದ್ರೇನು ಡಾಕ್ಟರ್? ಸಕ್ಕರೆಯಂತೂ ಬಿದ್ದಿದೆ. ಆ ಕೋಣೆ ಬೀಗದ ಕೈ ನನ್ನ ಹತ್ರನೂ ಒಂದಿದೆ. ಬರೆಯಲೇಬೇಕು ಅಂದ್ರೆ ನನ್ನ ಹೆಸರು ಬರೀರಿ."

"ಯಾವಾಗ ಗೊತ್ತಾಯ್ತು?"

ರಾವಿಯಾ ಬಾಯಿ ತೆರೆಯುವ ಮೊದಲೇ ಗಮಾಲಾತ್ ಹೇಳಿದಳು. "ನನಗೆ ಶನಿವಾರ ಗೊತ್ತಾಯ್ತು. ಶನಿವಾರವೇ ಹೇಳಬೇಕಿತ್ತು. ಹೇಳಲಿಲ್ಲ. ಇವಳಿಗೆ ಇವತ್ತು ಬೆಳಿಗ್ಗೆ ಗೊತ್ತಾಯ್ತು, ಯಾರೂ ಹೇಳದೇನೇ, ಸ್ಲೈಡ್ ನೋಡಿ."

ಹಿಲ್ಮಿ ಅವಳನ್ನು ದಿಟ್ಟಿಸಿದರು. "ಮತ್ತೆ ಮಾಡಿದಾಗ ಚಹಾದಿಂದ ಏನೂ ಉಪಯೋಗ ಇಲ್ಲ ಅಂತ ಬಂದ್ರೆ?"

"ಇಲ್ಲ ಅಂತ ಬರೀತಾಳೆ. ಡಾಕ್ಟರ್, ಮೂವತ್ತೊಂದು ಪ್ರಬಂಧ ಕತ್ತರಿಸಿ ಕೊಟ್ಟಿದ್ದೀನಿ. ಯಾವತ್ತಾದ್ರೂ ಏನಾದ್ರೂ ಕೇಳಿದ್ದೀನಾ? ಒಂದು ಸಲ ಕೇಳಿದ್ದೆ, ಬರೋ ವರ್ಷ ಅಂದ್ರಿ. ಈಗ ವರ್ಷ ಕೇಳ್ತಿಲ್ಲ. ಒಂದೂವರೆ ತಿಂಗಳು ಕೊಡಿ."

ಮೇಜಿನ ಮೇಲಿನ ಗಾಜಿನಲ್ಲಿ ಧೂಳು ಕೂತಿತ್ತು. ಹಿಲ್ಮಿ ಅದರ ಮೇಲೆ ಬೆರಳಿನಿಂದ ಒಂದು ಗೀಟು ಎಳೆದು, ಫೋನ್ ತೆಗೆದು, ಸಭೆ ಮುಂದೆ ಹೋಗಿದೆ ಎಂದು ಡೀನ್ ಅವರಿಗೆ ತಿಳಿಸಿದರು. ಧೂಳುಗಾಳಿಯ ಕಾರಣ ಹೇಳಿದರು.

ಈಗ ಪ್ರಾಣಿಗಳ ಕೋಣೆಯಲ್ಲಿ ಐದು ಸಾಲು. ಈ ಸಲ ರಾವಿಯಾ ತಾನೇ ಮುಂಜಾನೆ ಬಂದು ಬಾಟಲಿ ತುಂಬಿಸಿ, ಎಲ್ಲಕ್ಕೂ ಒಂದೇ ತರಹದ ಕಂದು ಕಾಗದ ಸುತ್ತಿ, ಬರೀ ಅಂಕಿ ಬರೆದು ಇಡುತ್ತಿದ್ದಳು. ಪಂಜರಗಳನ್ನೂ ಹಿಂದುಮುಂದು ಮಾಡಿ ಹೊಸ ಅಂಕಿ ಕೊಟ್ಟಾಗಿತ್ತು. ಯಾವ ಅಂಕಿಗೆ ಏನು ಎಂಬುದು ಅವಳೊಬ್ಬಳಿಗೇ ಗೊತ್ತು, ಅದರ ಪಟ್ಟಿ ಮೊಹರು ಮಾಡಿದ ಲಕೋಟೆಯಲ್ಲಿ ಹಿಲ್ಮಿಯವರ ಡ್ರಾಯರಿನಲ್ಲಿತ್ತು. ಯಾಕೆಂದರೆ ಕೊನೆಗೆ ಸ್ಲೈಡು ನೋಡಿ, ಯಾವುದು ಎಷ್ಟು ಕೆಟ್ಟಿದೆ ಎಂದು ಅಂಕ ಕೊಡುವವಳು ಗಮಾಲಾತ್. ನೋಡುವವರಿಗೆ ಯಾವುದು ಯಾರದೆಂದು ಗೊತ್ತಿರಬಾರದು. "ನೀವೇ ನೋಡ್ಬೇಕು ಮದಾಮ್," ಎಂದು ರಾವಿಯಾ ಕೇಳಿದ್ದಳು. ಆ ಮಂಗಳವಾರದ ನಂತರ ಹುಡುಗಿ ಅವಳಿಗೆ ತಅಮಿಯಾ ತಂದಿಟ್ಟಿರಲಿಲ್ಲ. ಕೆಲಸದ ಮಾತು ಬಿಟ್ಟು ಬೇರೆ ಮಾತಾಡಿರಲೂ ಇಲ್ಲ. ಆದರೆ ಇದನ್ನು ಕೇಳಿದ್ದಳು.

ಬಸಯೂನಿಗೆ ಮಾತ್ರ ಇದೊಂದೂ ಹಿಡಿಸಿರಲಿಲ್ಲ. "ಯಾವುದಕ್ಕೋ ಸಿಹಿ, ಯಾವುದಕ್ಕೋ ಕಹಿ. ದೇವರು ಕೇಳಿದ್ರೆ ಏನು ಹೇಳ್ತೀರಿ?" ಎಂದು ಬಂದವರಿಗೆಲ್ಲ ಕೇಳುತ್ತಿದ್ದ.

ಹದಿನೇಳನೇ ದಿನ ಗಮಾಲಾತ್ ಖಾಲಿ ಜಾಡಿಗಳನ್ನು ಒಯ್ಯಲು ಆ ಕೋಣೆಗೆ ಹೋದಳು. ಬೆಳಿಗ್ಗೆ ಹಿಲ್ಮಿ ಮತ್ತೆ ರಾವಿಯಾಳ ಯಾವುದೋ ಸ್ಲೈಡನ್ನು ಹೊಗಳಿದ್ದರು. ಅದೇ ಹಳೇ ಹೊಟ್ಟೆಕಿಚ್ಚು ಇನ್ನೂ ಇಳಿದಿರಲಿಲ್ಲ. ಬಾಗಿಲು ತಳ್ಳಿದವಳು ಕಿಟಕಿಯ ಸಂದನ್ನು ನೋಡಿದಳು. ಅಲ್ಲಿಂದ ಕಪ್ಪು ದಾರದಂತೆ ಇರುವೆಗಳು ಗೋಡೆಗಿಳಿಯುತ್ತಿದ್ದವು.

ಅವಳು ತಟ್ಟನೆ ಕಣ್ಣು ಮೇಲೆತ್ತಿ ಕಿಟಕಿಯಾಚೆಯ ಕಾಲುವೆಯನ್ನೇ ನೋಡುತ್ತ ನಿಂತಳು.

"ಚಿಕ್ಕಪ್ಪ, ಒಂದು ಒದ್ದೆ ಬಟ್ಟೆ ಕೊಡಿ."

"ಯಾಕೆ ಮದಾಮ್? ಇರುವೆನಾ? ಬಿಡಿ, ನಾನು ಒರೆಸ್ತೀನಿ. ಅವು ದಿನಾ ಹೋಗೋದು ಇಲ್ಲೇ ಈ..."

"ಹೇಳಬೇಡಿ!" ಎಂದಳು. "ಎಲ್ಲಿಗೆ ಹೋಗ್ತಾವೆ ಅಂತ ನನಗೆ ಹೇಳಬೇಡಿ. ಬಟ್ಟೆ ಕೊಡಿ."

ಬಸಯೂನಿ ಬಟ್ಟೆ ಹಿಂಡಿ ಅವಳ ಕೈಗಿತ್ತು, ಈ ಹೆಂಗಸಿಗೂ ವಯಸ್ಸಾಯಿತು ಎನ್ನುವಂತೆ ತಲೆಯಾಡಿಸಿದ. ಗಮಾಲಾತ್ ಕಾಲುವೆಯ ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರ ಮೇಲೆ ಕಣ್ಣು ನೆಟ್ಟು, ಗೋಡೆಯನ್ನು ಕೈಯಿಂದಲೇ ತಡಕಿಕೊಂಡು ಒರೆಸತೊಡಗಿದಳು. ಕಿಟಕಿಯ ಕೆಳಗಿನಿಂದ ಹಲಗೆಯವರೆಗೆ, ಹಲಗೆಯ ಅಂಚಿನುದ್ದಕ್ಕೆ, ಒಂದೊಂದು ಬಾಟಲಿಯ ಕಾಗದವೂ ಬೆರಳಿಗೆ ತಾಕುವ ಹಾಗೆ, ತೋಳು ಎಟುಕುವಷ್ಟು ದೂರ. ಹಿಂದೆ ಪಂಜರಗಳಲ್ಲಿ ಇಲಿಗಳು ಎದ್ದು ನಿಂತು ಸದ್ದು ಮಾಡುತ್ತಿದ್ದವು.

ಬಟ್ಟೆಯಿಂದ ತಪ್ಪಿಸಿಕೊಂಡ ಒಂದು ಇರುವೆ ಅವಳ ಮಣಿಕಟ್ಟಿಗೆ ಹತ್ತಿ, ಬಳೆಯ ಸುತ್ತ ದಾರಿ ಹುಡುಕುತ್ತ ತಿರುಗತೊಡಗಿತು. ಅವಳು ಅದನ್ನು ಕೊಡವಲಿಲ್ಲ.